ಬೇಲಿ ಪಕ್ಕದ ಚಪ್ಪರ

ಹೋದ ವಾರ ಮನೆಗೆ ತಂದ ದ್ರಾಕ್ಷಿಯನ್ನು ತೊಳೆಯಲೆಂದು ಪಾತ್ರೆಗೆ ಸುರಿದೆ. ಗೊಂಚಲಿನ ನಡುವಿನಿಂದ ಗಿಡಕ್ಕೆ ಹೊಡೆಯುವ ಔಷಧಿಯ ಕಟುವಾಸನೆ ಮೂಗಿಗೆ ಬಡಿಯಿತು. ಮಗಳು ಒಂದು ಹಣ್ಣು ಬಾಯಿಗಿಡಲು ಹೋದಳು. ಕೈ ಹಿಡಿದು ತಡೆದೆ. ಜೋರಾಗಿಯೇ ಹಿಡಿದಿರಬೇಕು, ಅವಳು ಮುಖ ಸಣ್ಣದು ಮಾಡಿಕೊಂಡಳು... ಬುಟ್ಟಿ ಅಕ್ಕ ನೆನಪಾದದ್ದು ಆಗ.

ಆಗ ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ತೋಟದಲ್ಲಿ ಮೇಲ್ವಿಚಾರಕನಾಗಿದ್ದೆ. ಬೆಂಗಳೂರಿನಿಂದ ಜನ ತೋಟ ನೋಡಲು ಬರುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ ಬಿಡಿಸಿ, ಹಿತಕಿದಬೇಳೆ ಸಾರು ಉಂಡು ಹೋಗುವವರು. ಶಿವರಾತ್ರಿಯ ಆಚೀಚೆ ದ್ರಾಕ್ಷಿ ಕೀಳುವವರು. ಬೇಸಿಗೆ ರಜೆಯಲ್ಲಿ ಮಾವಿನ ಮರ ಹತ್ತುತ್ತೇವೆಂದು ಬಂದು ಹೊಂಗೆ ನೆರಳಲ್ಲಿ ನಿದ್ದೆ ಹೊಡೆಯುವವರು. ಬಂದವರಿಗೆ ಬುಟ್ಟಿ, ಕತ್ತರಿ ಕೊಟ್ಟು ಚಪ್ಪರದ ಕೆಳಗೆ ಕರೆದೊಯ್ಯುತ್ತಿದ್ದವಳೇ ಬುಟ್ಟಿ ಅಕ್ಕ. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು.

ಆ ವರ್ಷ ದ್ರಾಕ್ಷಿ ಕಾಲ ಶುರುವಾದಾಗ ಅವಳು ಯಾರನ್ನೂ ಬೇಲಿ ಪಕ್ಕದ ಚಪ್ಪರಕ್ಕೆ ಬಿಡಲಿಲ್ಲ. ಒಳ್ಳೆಯ ಗೊಂಚಲುಗಳು ತೂಗುತ್ತಿದ್ದದ್ದೇ ಅಲ್ಲಿ. ಕೇಳಿದವರಿಗೆ, "ಜೇನು ಕಟ್ಟೈತೆ, ಹೋಗ್ಬೇಡಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಹೋಗಿ ನೋಡಿದೆ. ಜೇನು ಇರಲಿಲ್ಲ.

ಅಂದಿನಿಂದ ಅವಳ ಒಂದೊಂದು ನಡೆಯೂ ಬೇರೆಯಾಗಿ ಕಾಣತೊಡಗಿತು. ಹಣ್ಣು ಒಯ್ಯಲು ಸೂಲಿಬೆಲೆಯಿಂದ ಬರುತ್ತಿದ್ದ ಟೆಂಪೋದವನ ಜೊತೆ ಗೇಟಿನ ಬಳಿ ಮಾತಾಡುತ್ತಿದ್ದವಳು, ನನ್ನನ್ನು ಕಂಡು ಸುಮ್ಮನಾದಳು. ಇವನಿಗೆ ಕದ್ದು ಕೊಡಲೆಂದೇ ಆ ಹಣ್ಣು ಉಳಿಸಿಕೊಂಡಿದ್ದಾಳೆ ಎಂದು ನಿಶ್ಚಯಿಸಿದೆ. ಸಂಜೆ ತಲೆಯ ಮೇಲೆ ಹೊರೆ ಹೊತ್ತು ಹೊರಟವಳನ್ನು ನಿಲ್ಲಿಸಿ, "ಅದರಲ್ಲೇನಿದೆ ಅಕ್ಕ?" ಎಂದೆ. ಇಳಿಸಿ, ತಾನೇ ಗಂಟು ಬಿಚ್ಚಿದಳು. ಹಸುವಿಗೆ ಕೊಯ್ದ ಹುಲ್ಲು. ತಳದವರೆಗೂ ಕೈಯಾಡಿಸಿದೆ. ನಾಚಿಕೆಯಾಗಬೇಕಿತ್ತು... ಇವತ್ತು ಸಿಗಲಿಲ್ಲ, ಅಷ್ಟೆ ಅಂದುಕೊಂಡೆ.

ಮರುದಿನ ತೋಟದ ಯಜಮಾನರಿಗೆ ಹೇಳಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಕಳಿಸ್ಬಿಡು ಅವಳ್ನ" ಎಂದರು, ಅದಕ್ಕೇ ಕಾಯುತ್ತಿದ್ದವರಂತೆ. ಆ ಅವಸರ ನನಗೆ ಅನುಮಾನ ತರಿಸಲಿಲ್ಲ.

ಕತ್ತರಿಗಳನ್ನು ಎಣಿಸಿ ಒಪ್ಪಿಸಿ ಹೊರಡುವಾಗ ಅವಳು ಇಷ್ಟೇ ಹೇಳಿದಳು: "ಆ ಚಪ್ಪರಕ್ಕೆ ಮಕ್ಕಳ್ನ ಬಿಡ್ಬೇಡಿ ಸಾರ್." ಹೋಗುವಾಗಲೂ ಬಿಡಲಿಲ್ಲವಲ್ಲ ಈ ನಾಟಕ ಎಂದುಕೊಂಡೆ.

ಶನಿವಾರ ಒಂದು ಶಾಲೆಯ ಮಕ್ಕಳು ಬಂದರು. ನಾನೇ ಅವರನ್ನು ಬೇಲಿ ಪಕ್ಕದ ಚಪ್ಪರಕ್ಕೆ ಕರೆದೊಯ್ದೆ. ಕಿತ್ತು ಕಿತ್ತು ತಿಂದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮಕ್ಕಳಿಗೆ ವಾಂತಿ. ಒಬ್ಬಳು ಪುಟ್ಟ ಹುಡುಗಿ ಆಸ್ಪತ್ರೆಯ ದಾರಿಯುದ್ದಕ್ಕೂ ನನ್ನ ಅಂಗಿ ಹಿಡಿದುಕೊಂಡೇ ಇದ್ದಳು. ಸಂಜೆಗೆ ಎಲ್ಲರೂ ಚೇತರಿಸಿಕೊಂಡರು. ಔಷಧಿ ಹೊಡೆಯುವ ಆಳು ಆಮೇಲೆ ಬಾಯಿಬಿಟ್ಟ. ಅಕಾಲ ಮಳೆಗೆ ಆ ಸಾಲುಗಳಿಗೆ ರೋಗ ಬಿದ್ದು, ಯಜಮಾನರು ನನಗೂ ತಿಳಿಸದೆ ಔಷಧಿ ಹೊಡೆಸಿದ್ದರಂತೆ. ಇನ್ನೂ ಎಷ್ಟೋ ದಿನ ಆ ಹಣ್ಣು ಮುಟ್ಟುವಂತಿರಲಿಲ್ಲ. ಟೆಂಪೋದವನಿಗೂ ಬುಟ್ಟಿ ಅಕ್ಕ ಹೇಳುತ್ತಿದ್ದದ್ದು ಅದನ್ನೇ, ಆ ಹಣ್ಣು ಒಯ್ಯಬೇಡ ಎಂದು.

ಮಾರನೆಯ ದಿನ ಅವಳ ಮನೆಗೆ ಹೋದೆ. ಹಸುವಿಗೆ ನೀರಿಡುತ್ತಿದ್ದಳು.

"ಮಕ್ಕಳು ಹೆಂಗವ್ರೆ?" ಎಂದಳು. ಸುದ್ದಿ ತಲುಪಿತ್ತು.

"ಈಗ ಚೆನ್ನಾಗಿದ್ದಾರೆ. ನಂಗ್ಯಾಕಕ್ಕ ಹೇಳ್ಲಿಲ್ಲ?"

"ಯಜಮಾನ್ರಿಗೆ ಹೇಳಿದ್ದೆ ಕಣಪ್ಪ. ಬಂದ ಜನ ವಾಪಸ್ ಹೋಯ್ತಾರೆ, ಬಾಯ್ ಮುಚ್ಕೊಂಡಿರು ಅಂದ್ರು. ಆಮೇಲೆ ನೀನು ನನ್ನ ಹಿಂದಿಂದೆ ಸುತ್ತೋಕೆ ಶುರು ಮಾಡ್ದೆ. ನನ್ನ ಕಾಯಾಕೆ ಅವ್ರೇ ನಿನ್ನ ಬಿಟ್ಟವ್ರೆ ಅಂದ್ಕಂಡೆ."

ನಾನೂ ಆ ತಿಂಗಳೇ ಕೆಲಸ ಬಿಟ್ಟೆ. ಮತ್ತೆ ಅತ್ತ ಹೋಗಲಿಲ್ಲ... ಹೋಗಬೇಕು ಎಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ಮೊನ್ನೆ ಭಾನುವಾರ ಹೋದೆ. ಬಾಗಿಲು ತೆರೆದವಳು ಅವಳ ಮಗಳು. ಅಮ್ಮ ತೀರಿಹೋಗಿ ಎರಡು ವರ್ಷವಾಯಿತು ಎಂದಳು. ಕೂರಿಸಿ ಕಾಫಿ ಕೊಟ್ಟಳು. ಒಂದೇ ತೋಟದಲ್ಲಿ ಕೆಲಸಕ್ಕಿದ್ದೆವು ಎಂದಾಗ ಅವಳ ಮುಖ ಅರಳಿತು.

"ಹೌದಾ? ಬಿಸ್ಲಲ್ಲಿ ಆಗಲ್ಲ ಅಂತ ನಾನೇ ಬಿಟ್ಬಂದೆ ಅಂತಿತ್ತು ಅಮ್ಮ."

"ಇಲ್ಲಮ್ಮ, ಬಿಡಿಸಿದ್ದು ನಾನು. ಕಳ್ಳತನದ ಅನುಮಾನದ ಮೇಲೆ. ಅವರು ಏನೂ ಕದ್ದಿರಲಿಲ್ಲ," ಎಂದೆ.

 ಅವಳು ಎದ್ದು ಒಳಗೆ ಹೋದಳು. ಕಾಫಿ ತಣ್ಣಗಾಗುವವರೆಗೂ ಕೂತಿದ್ದೆ. ಅವಳು ಹೊರಗೆ ಬರಲಿಲ್ಲ.