ಷೇರಿನ ದಮ್ಮು

ಸಂಪಿನ ಮೋಟಾರು ಹಾಕುವುದು, ಟ್ಯಾಂಕು ತುಂಬಿ ಸುರಿಯುವ ಮೊದಲೇ ಆರಿಸುವುದು. ಬಾಗಿಲಿಗೆ ನೀರು, ರಂಗೋಲಿ. ಅತ್ತೆ ಸುಂದರಮ್ಮನವರಿಗೆ ಐದು ಗಂಟೆಗೆ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆಯ ಮೇಲೆ ಕಾಫಿ. ನಡುವೆ ಕೇಳಿದರೂ ಕೊಡುವಂತಿಲ್ಲ, ಕೇಳದೆ ಅವರು ಇರುವವರೂ ಅಲ್ಲ. ಉಬ್ಬಿದ ದೋಸೆ ಹಿಟ್ಟಿಗೆ ಉಪ್ಪು. ಗಂಡನ ವಾಕಿಂಗ್ ಶೂ ಪಕ್ಕ ಒಗೆದ ಕಾಲುಚೀಲ. ಪೂಜೆಯ ತಟ್ಟೆ ತೊಳೆದು ವಿಭೂತಿಗಟ್ಟಿ ಇಡುವುದು. ಕೊನೆಗೆ, ಇನ್ನೂ ಬೆಳಕು ಹರಿಯದಿರುವಾಗ, ಮಗಳ ಹಳೆಯ ಟ್ಯಾಬನ್ನು ಮಿಕ್ಸಿಗೆ ಒರಗಿಸಿ, ಹಿಂದಿನ ದಿನದ ಷೇರಿನ ಗೆರೆ ನೋಡಿ, ನೋಟ್‌ಬುಕ್ಕಿನಲ್ಲಿ ಒಂದು ಸಂಖ್ಯೆ ಬರೆಯುವುದು.

ಕುವೆಂಪುನಗರದ ಈ ಮನೆಯಲ್ಲಿ ಪ್ರೇಮಲೀಲಾಳ ಕೆಲಸಗಳಿಗೆ ಈ ಕೊನೆಯದು ಸೇರಿಕೊಂಡು ಐದಾರು ವರ್ಷವಾಯಿತು. ಕೋವಿಡ್ ಕಾಲದಲ್ಲಿ ಮಗಳು ಸಿಂಚನ ಬಿಕಾಂ ಪಾಠವನ್ನು ಅಡುಗೆಮನೆಯಲ್ಲೇ ಕೂತು ಕೇಳುತ್ತಿದ್ದಳು. ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ತಾಯಿ ಅವರೆಕಾಳು ಹಿತಕುತ್ತಾ ಕೇಳಿದಳು. ಮಗಳು ಪರೀಕ್ಷೆ ಬರೆದು ಮರೆತಳು. ಪಾಠ ತಾಯಿಯಲ್ಲಿ ಉಳಿಯಿತು.

ಆರ್‌ಎಸ್‌ಐ ಅಂತ ಮೇಷ್ಟ್ರು ಹೇಳಿದ್ದರು. ಸೊನ್ನೆಯಿಂದ ನೂರರೊಳಗಿನ ಒಂದು ಅಂಕಿ. ಹದಿನಾಲ್ಕು ದಿನಗಳಲ್ಲಿ ಬೆಲೆ ಏರಿದ ಬಿರುಸು ಎಷ್ಟು, ಇಳಿದ ಬಿರುಸು ಎಷ್ಟು ಎಂದು ತೂಗಿ ಹೇಳುತ್ತದೆ. ಎಪ್ಪತ್ತು ದಾಟಿದರೆ ಜನ ಮುಗಿಬಿದ್ದು ಕೊಂಡಿದ್ದಾರೆ ಎಂದರ್ಥ, ಮೂವತ್ತಕ್ಕಿಂತ ಇಳಿದರೆ ಮುಗಿಬಿದ್ದು ಮಾರಿದ್ದಾರೆ. ಪ್ರೇಮಲೀಲಾಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ನೆನಪಾಯಿತು. ಮೊದಲ ಇನ್ನೂರು ಮೆಟ್ಟಿಲು ಓಡಿದವರೂ ನಂದಿಯ ಹತ್ತಿರ ಬರುವಾಗ ಮಂಡಿ ಹಿಡಿದುಕೊಂಡು ಏರುತ್ತಾರೆ. ಎತ್ತರ ಆಗಲೂ ಹೆಚ್ಚುತ್ತಲೇ ಇರುತ್ತದೆ, ಕಡಿಮೆಯಾಗುವುದು ದಮ್ಮು. ಅವಳು ಪುಸ್ತಕದಲ್ಲಿ ಹಾಗೇ ಬರೆದುಕೊಂಡಳು. ದಮ್ಮು ಐವತ್ತೆಂಟು. ದಮ್ಮು ಅರವತ್ತಮೂರು.

ಆ ಪುಸ್ತಕ ಗಂಡನ ಕೈಗೆ ಹೋಯಿತು. ಸಿದ್ದಲಿಂಗಸ್ವಾಮಿ ಕಡಕೊಳದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ದಿನವೂ ವಾಕಿಂಗಿಗೆ ಹೊರಡುವ ಮುನ್ನ ಪುಟ ತಿರುವಿ ನೋಡಿಕೊಳ್ಳುತ್ತಿದ್ದರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ 'ದಮ್ಮು' ಅವರ ಮಾತಾಯಿತು. ಭಾನುವಾರ ಸ್ನೇಹಿತ ಶಿವಪ್ರಕಾಶ್ ಕಾಫಿಗೆ ಬಂದಾಗಲೂ ಅದೇ ಮಾತು.

"ಏನು ಸ್ವಾಮಿ, ಈಗ ದಮ್ಮು ಎಷ್ಟು?"

"ಎಪ್ಪತ್ತೆರಡು ಕಣ್ರೀ. ಈ ದಮ್ಮಿಗೆ ಇನ್ನೂ ಎಲ್ಲಿಗೋ ಹೋಗುತ್ತೆ."

"ನಿಮ್ಮ ಷೇರಿಗಿರೋ ದಮ್ಮು ನಿಮಗಿಲ್ವಲ್ರೀ, ಕೆರೆ ಅರ್ಧ ಸುತ್ತೋದ್ರಲ್ಲೇ ಕಲ್ಬೆಂಚು ಹುಡುಕ್ತೀರ."

ನಕ್ಕರು. ಪ್ರೇಮಲೀಲಾ ಲೋಟಗಳನ್ನು ಎತ್ತಿಕೊಂಡಳು. ತಪ್ಪು ಆ ಪದದಲ್ಲೇ ಇತ್ತು. ದಮ್ಮು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಗಂಡ ತಿಳಿದಿದ್ದರು. ಒಂದು ಅಂಕಿಯನ್ನೇ ನೋಡಬಾರದು, ಹಿಂದಿನ ಶಿಖರದ ಅಂಕಿಯ ಜೊತೆ ಹೋಲಿಸಬೇಕು ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಅದು ಅವಳ ತಲೆಯಲ್ಲಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಗಂಡ ಹೇಳುತ್ತಿದ್ದ ಷೇರು ಅವಳದು. ಅವಳ ಅಪ್ಪ ಮದುವೆಗೆ ಮುಂಚೆ ಅವಳ ಹೆಸರಿನಲ್ಲಿ ತೆಗೆದದ್ದು. ಅವಳ ಹೆಸರಿನಲ್ಲಿ ಇದ್ದುದು ಅದೊಂದೇ. ಅದನ್ನು ಡಿಮ್ಯಾಟ್ ಖಾತೆಗೆ ಹಾಕುವಾಗ ಅರ್ಜಿ ತುಂಬಿದವರು ಗಂಡ. ಹೆಸರು ಅವಳದು, ಮೊಬೈಲ್ ನಂಬರು ಅವರದು. ಟ್ಯಾಬಿನಲ್ಲಿ ಗೆರೆ ನೋಡಬಹುದಿತ್ತು. ಮಾರಬೇಕಾದರೆ ಒಟಿಪಿ ಅವರ ಫೋನಿಗೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ಒಮ್ಮೆ ಹೇಳಿದ್ದಳು, ದಮ್ಮು ಸೋಲುತ್ತಿದೆ, ಮಾರಿಬಿಡೋಣ ಎಂದು. "ನಾನು ಹೇಳಿದಾಗ ಮಾರೋಣ ಬುಡು," ಎಂದರು. ಬೆಲೆ ಅರ್ಧಕ್ಕೆ ಬಿತ್ತು. "ಮಾರ್ಕೆಟ್ ಅಂದ್ಮೇಲೆ ಇದ್ದದ್ದೇ ಕಣೇ," ಎಂದು ದೋಸೆಗೆ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು, ಬರೆಯುವುದನ್ನು ಬಿಡಲಿಲ್ಲ. ಬೇಸರವೂ ಆಗಲಿಲ್ಲ. ಮೋಟಾರು ಹಾಕುವಂತೆಯೇ ಅದೂ.

ಈಗ ಬೆಲೆ ಮತ್ತೆ ಮೇಲೆ ಬಂದಿತ್ತು, ಹಳೆಯ ಎತ್ತರವನ್ನೂ ದಾಟಿತ್ತು. ಗುರುವಾರ ಬೆಳಿಗ್ಗೆ ಟ್ಯಾಬಿನಲ್ಲಿ ನೋಡಿದಳು. ಹೋದ ತಿಂಗಳ ಶಿಖರದಲ್ಲಿ ದಮ್ಮು ಎಪ್ಪತ್ತೆಂಟು. ಅದಕ್ಕಿಂತ ಎತ್ತರದ ಈ ಶಿಖರದಲ್ಲಿ ಅರವತ್ತೇಳು. ಮಂಡಿ ಹಿಡಿದುಕೊಂಡು ಏರುತ್ತಿದೆ. ಅದು ಬಿದ್ದೇ ಬೀಳುತ್ತದೆ ಎಂದೇನಿಲ್ಲ. ಸುಧಾರಿಸಿಕೊಂಡು ಮತ್ತೆ ಹತ್ತಿದ ಷೇರುಗಳನ್ನೂ ಅವಳು ಕಂಡಿದ್ದಳು.

ಒಂಬತ್ತು ಗಂಟೆಗೆ ಗಂಡ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕೂತರು. ಅರ್ಧ ಗಂಟೆ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಅವರ ಫೋನು ಅಡುಗೆಮನೆಯಲ್ಲಿ, ಮಿಕ್ಸಿಯ ಪ್ಲಗ್ಗಿನಲ್ಲಿ ಚಾರ್ಜಿಗಿತ್ತು. ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯಿತು. ಕಾವಲಿಯ ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಟ್ಯಾಬಿನಲ್ಲಿ 'ಮಾರು' ಒತ್ತಿದಳು. ಪಕ್ಕದ ಫೋನು ಒಮ್ಮೆ ಗುಂಯ್ ಎಂದಿತು. ಪರದೆಯ ಮೇಲೆ ಆರು ಅಂಕಿ.

"ಲೀಲಾ, ಯಾರದಮ್ಮಾ ಫೋನು?" ಎಂದರು ಅತ್ತೆ ಕೋಣೆಯಿಂದ.

"ನನ್ನದು ಕಣತ್ತೆ."

ಆರೂ ಅಂಕಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಷೇರು ಮಾರಾಟವಾಗಿದೆ ಎಂಬ ಸಂದೇಶ ಗಂಡನ ಫೋನಿಗೆ ಬಂತು. ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಅದು ಪರದೆಯಿಂದ ಹೋಗುತ್ತಿತ್ತು. ಆಮೇಲೆ ದಿನಗಟ್ಟಲೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಒಳಗೆ ಪೂಜೆ ಮುಗಿದ ಗಂಟೆ ಕೇಳಿತು. ಫೋನನ್ನು ಚಾರ್ಜರಿನಿಂದ ಬಿಡಿಸಿ, ಸಂದೇಶವನ್ನು ಹಾಗೇ ಬಿಟ್ಟು, ದೋಸೆಯ ತಟ್ಟೆಯ ಪಕ್ಕದಲ್ಲಿ ಪರದೆ ಮೇಲ್ಮುಖ ಮಾಡಿ ಇಟ್ಟಳು. ಉರಿ ದೊಡ್ಡದು ಮಾಡಿದಳು.