ಜೀಪಿನ ರೇಡಿಯೋ ಮತ್ತು ಕಂಬಳಿ ಸ್ಟೋರು

ಬೀದಿಯವರೆಲ್ಲ ಅವನನ್ನು ಕುಕ್ಕರ್ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಒಂದು ನಟ್ಟು ಕೈಜಾರಿ ಬಿದ್ದರೆ ಸಾಕು, ಶೆಡ್ಡಿನ ತಗಡು ಅದುರುವ ಹಾಗೆ ಕೂಗಾಡುತ್ತಿದ್ದ. ಮೂರು ವಿಸಲ್ ಆದಮೇಲೆ ತಾನಾಗೇ ತಣ್ಣಗಾಗಿ, ಬೈಸಿಕೊಂಡವನಿಗೇ ಟೀ ತರಿಸಿ ಕೊಡುತ್ತಿದ್ದ. ಹಾಗಾಗಿ ಅವನ ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಒಂದು ಲೋಟ ಟೀ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಅವನೂ ಐವತ್ತು ದಾಟುವ ತನಕ ನಂಬಿಕೊಂಡೇ ಬಂದಿದ್ದ.

ಶಾಲೆ ಅವನಿಗೆ ಒಗ್ಗಲಿಲ್ಲ, ಅವನು ಶಾಲೆಗೆ ಒಗ್ಗಲಿಲ್ಲ. ಅಪ್ಪ ಅಮ್ಮ ಬೇಗ ಹೋದರು. ಬೆಳೆದದ್ದು ಅಕ್ಕನ ಮನೆಯಲ್ಲಿ. ಭಾವ ಸೈನ್ಯದಲ್ಲಿ ರೇಡಿಯೋ ಆಪರೇಟರ್. ವರ್ಷಕ್ಕೊಮ್ಮೆ ರಜೆಗೆ ಬಂದರೂ ಹತ್ತು ಮಾತಾಡುವ ಕಡೆ ಒಂದು ಮಾತಾಡುವ ಮನುಷ್ಯ. ಹುಡುಗ ಗಡಿಯಾರ ಬಿಚ್ಚಿ ಹಾಳು ಮಾಡಿದಾಗ ಅಕ್ಕ ಸೌಟು ತಗೊಂಡು ಅಟ್ಟಿಸಿಕೊಂಡು ಹೋದಳು. ಭಾವ ಮಾತ್ರ ಮುಂದಿನ ರಜೆಗೆ ಬರುವಾಗ ಒಂದು ಸ್ಪ್ಯಾನರ್ ಸೆಟ್ಟು ತಂದು ಕೈಗಿಟ್ಟು, ಬಿಚ್ಚೋದು ಬಂತಲ್ಲ, ಇನ್ನು ಜೋಡಿಸೋದು ಕಲಿ ಅಂದಿದ್ದರು. ಆ ಸ್ಪ್ಯಾನರುಗಳು ಈಗಲೂ ಅವನ ಶೆಡ್ಡಿನ ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿವೆ. ಅವನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಹಳೇ ಗಾಡಿಗಳನ್ನು ಮೊದಲಿನ ಹಾಗೆ ಮಾಡಿಕೊಡುವುದು ಅವನ ಕಸುಬು. ಸೈನ್ಯದವರು ಹರಾಜು ಹಾಕಿದ ಜೀಪೊಂದು ಗುಜರಿ ಅಂಗಡಿಯ ಹಿಂದೆ, ಹೊಟ್ಟೆಯೊಳಗೆ ಗಿಡ ಬೆಳೆಸಿಕೊಂಡು ನಿಂತಿತ್ತು. ಅದನ್ನು ತಂದು, ಬೇರೆಯವರ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಬಿಚ್ಚಿ, ಬಡಿದು, ಬೆಸುಗೆ ಹಾಕಿ ವರ್ಷಗಟ್ಟಲೆ ದುಡಿದಿದ್ದ. ಕೊನೆಗೆ ಅವನ ಗೆಳೆಯ ಪೇಂಟರು ಡ್ಯಾಶ್‌ಬೋರ್ಡಿನ ಹಿಂದೆ ಉಳಿದಿದ್ದ ಹಳೇ ಬಣ್ಣದ ಚಕ್ಕೆಯೊಂದನ್ನು ಎದುರಿಗಿಟ್ಟುಕೊಂಡು, ಅದೇ ಮಂಕು ಹಸಿರನ್ನು ಬೆರೆಸಿ ಹೊಡೆದುಕೊಟ್ಟ. ಅವತ್ತಿನಿಂದ ಕುಕ್ಕರ್ ಜೀಪಿನ ಹತ್ತಿರ ಯಾರನ್ನೂ ಬೆಲ್ಟು ಹಾಕಿಕೊಂಡು ಸುಳಿಯಲು ಬಿಡಲಿಲ್ಲ. ಬಕಲ್ಲು ತಾಗಿ ಗೀರು ಬಿದ್ದರೆ?

ಕೊರತೆ ಇದ್ದದ್ದು ರೇಡಿಯೋ ಒಂದರದ್ದು. ಅದು ಭಾವನ ಹತ್ತಿರ ಇತ್ತು. ನಿವೃತ್ತರಾದಮೇಲೆ ಅವರು ಅದೇ ಕಾಲದ ಎರಡು ಸೆಟ್ಟುಗಳನ್ನು ಹರಾಜಿನಲ್ಲಿ ಹಿಡಿದು, ರಿಪೇರಿ ಮಾಡಿ, ಬಟ್ಟೆ ಮುಚ್ಚಿ ಇಟ್ಟಿದ್ದರು. ಹಳೇ ಗಾಡಿಗಳ ಸಂಘದವರು ಬರುವ ಭಾನುವಾರ ಮೈದಾನದಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದರು. ಒಂದು ಸೆಟ್ಟು ಜೀಪಿಗೆ, ಇನ್ನೊಂದು ಭಾವನ ಮನೆಯ ಮೇಜಿನ ಮೇಲೆ ಅಂತ ಮಾತಾಯಿತು. ಭಾನುವಾರ ಭಾವನೇ ಜೀಪಿನ ಹಿಂದಿನ ಸೀಟಿನಲ್ಲಿ ಸೆಟ್ಟಿನ ಮುಂದೆ ಕೂರುವುದು, ಮನೆಯಲ್ಲಿರುವ ಸೆಟ್ಟನ್ನು ಅವರ ಗೆಳೆಯರೊಬ್ಬರು ನೋಡಿಕೊಳ್ಳುವುದು. ಹಾಗಂದಾಗ ಭಾವನ ಮುಖದಲ್ಲಿ ಒಂದು ನಗು ಬಂದು ಹೋದದ್ದನ್ನು ಅಕ್ಕ ಎಷ್ಟೋ ಸಲ ಹೇಳಿಕೊಂಡಿದ್ದಳು.

ಸೆಟ್ಟು ಕೂರಿಸುವ ದಿನ ಭಾವ ಶೆಡ್ಡಿಗೆ ಬಂದು ಎಲ್ಲ ತೋರಿಸಿಕೊಟ್ಟರು. ಜೀಪಿನ ಬ್ಯಾಟರಿ ಹನ್ನೆರಡು ವೋಲ್ಟಿನದು, ಸೆಟ್ಟಿಗೆ ಬೇಕಾದ್ದು ಇಪ್ಪತ್ನಾಲ್ಕು. ಅದಕ್ಕೆ ಸೀಟಿನ ಕೆಳಗೆ ಬೇರೆ ಎರಡು ಬ್ಯಾಟರಿ. ಏರಿಯಲ್ಲು ಎಡಗಡೆ ಹಿಂದಿನ ಮೂಲೆಗೆ. ಕೊನೆಗೆ, ಸೆಟ್ಟಿನ ಕಬ್ಬಿಣದ ಸ್ಟ್ಯಾಂಡು ಕೂರುವ ಜಾಗ ಮುಟ್ಟಿ ತೋರಿಸಿ, "ಇಲ್ಲಿ ಪೇಂಟ್ ಕೆರೀಬೇಕು. ಬರೀ ಕಬ್ಬಿಣ ಕಾಣ್ಬೇಕು. ಇಲ್ಲಾಂದ್ರೆ ಅರ್ತ್ ಸಿಗಲ್ಲ, ಸೆಟ್ಟಿಗೆ ಕರೆಂಟು ಸರಿಯಾಗಿ ಬರಲ್ಲ" ಅಂದರು.

ಕುಕ್ಕರಿಗೆ ಎದೆಗೇ ಉಗುರು ಹಾಕಿದ ಹಾಗಾಯಿತು. ಆಗಲಿ ಭಾವ ಅಂದ. ಅವರು ಹೋದಮೇಲೆ ಕೆರೆಯಲಿಲ್ಲ. ಸ್ಟ್ಯಾಂಡಿನ ಕೆಳಗೆ ರಬ್ಬರ್ ವಾಷರು ಕೊಟ್ಟು ಬೋಲ್ಟು ಬಿಗಿದು, ಅರ್ತಿಗೆ ಅಂತ ಒಂದು ತೆಳು ವೈರು ಎಳೆದು ಸೀಟಿನ ಕೆಳಗೆ ಎಲ್ಲೋ ಸಿಕ್ಕಿಸಿ ಕೈತೊಳೆದುಕೊಂಡ.

ಮಾರನೇ ಬೆಳಗ್ಗೆ ಪರೀಕ್ಷೆ. ಆ ಕಡೆ ನಾಲ್ಕು ಬೀದಿ ದಾಟಿ ಭಾವ ಮನೆಯ ಸೆಟ್ಟಿನ ಮುಂದೆ ಕೂತಿದ್ದರು. ಈ ಕಡೆ ಶೆಡ್ಡಿನಲ್ಲಿ ಕುಕ್ಕರ್ ಹಿಂದಿನ ಸೀಟು ಹತ್ತಿದ್ದ. ಪೇಂಟರು ಬಾನೆಟ್ಟಿನ ಮೇಲೆ ನಂಬರು ಬರೆಯುತ್ತಿದ್ದ. ಸೆಟ್ಟಿಗೆ ಟೆಲಿಫೋನಿನಂಥ ಒಂದು ಹ್ಯಾಂಡ್‌ಸೆಟ್ಟು, ಅದರ ಹಿಡಿಯಲ್ಲಿ ಒಂದು ಸ್ವಿಚ್ಚು. ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು. ಒತ್ತಿ ಹಿಡಿದಷ್ಟು ಹೊತ್ತು ಆ ಕಡೆಯವರು ಗಂಟಲು ಹರಿದುಕೊಂಡರೂ ಈ ಕಡೆ ಒಂದು ಪದ ಕೇಳಿಸದು.

ಮೊದಲು ಭಾವನ ಧ್ವನಿ ಬಂತು, ಅರ್ಧ ಪದ, ಕಾಲು ಪದ. ಆಮೇಲೆ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ. ವೈರು ಅಲ್ಲಾಡಿಸಿದರೆ ಸೆಟ್ಟಿನ ದೀಪ ಹೊತ್ತುತ್ತದೆ, ಬಿಟ್ಟರೆ ಮಂಕಾಗುತ್ತದೆ. ಒಂದು ಕೈಯಲ್ಲಿ ವೈರು ಹಿಡಿಯಬೇಕು, ಇನ್ನೊಂದರಲ್ಲಿ ಗುಂಡಿ ತಿರುಗಿಸಬೇಕು, ಸ್ವಿಚ್ಚು ಒತ್ತಲು ಮೂರನೇ ಕೈ ಎಲ್ಲಿಂದ ತರುವುದು? ಸೈಕಲ್ ಟ್ಯೂಬಿನ ತುಂಡೊಂದನ್ನು ಎಳೆದು, ಒತ್ತಿದ ಸ್ವಿಚ್ಚಿನ ಮೇಲೆ ಬಿಗಿಯಾಗಿ ಸುತ್ತಿ, ಹ್ಯಾಂಡ್‌ಸೆಟ್ಟನ್ನು ಸೀಟಿನ ಮೇಲಿಟ್ಟ. ಹಲೋ ಭಾವ, ಹಲೋ ಭಾವ ಅಂತ ಕೂಗುತ್ತಾ ವೈರು ಸರಿಮಾಡಿದ. ದೀಪ ನಿಂತು ಉರಿಯತೊಡಗಿತು. ಉತ್ತರ ಮಾತ್ರ ಬರಲಿಲ್ಲ. ಟ್ಯೂಬು ಸುತ್ತಿದ್ದು ಅವನಿಗೆ ಮರೆತೇ ಹೋಗಿತ್ತು.

ಮೊದಲನೇ ವಿಸಲ್ ಬ್ಯಾಟರಿಯ ಮೇಲೆ ಹೋಯಿತು. ಎರಡನೆಯದು ಸೆಟ್ಟು ಮಾಡಿದವನ ವಂಶದ ಮೇಲೆ. ಪೇಂಟರು ಬ್ರಷ್ಷು ಎತ್ತಿ ಹಿಡಿದು, ಭಾವ ಯುದ್ಧ ನೋಡಿದೋರಲ್ವಾ, ಅವರನ್ನೇ ಕರೆಸಿ ತೋರ್ಸಬಾರದಾ ಅಂದ. ಮೂರನೆಯದು ಹೊಡೆಯಿತು.

"ಯುದ್ಧ ನೋಡಿದ್ರಂತೆ, ಯುದ್ಧ! ಕೊನೇ ಆರು ವರ್ಷ ಕಂಬಳಿ ಸ್ಟೋರಲ್ಲಿ ಕೂತು ಕಂಬಳಿ ಮಡಚ್ತಾ ಇದ್ರು ಕಣೋ. ಕಿವಿ ಹೋಯ್ತು ಅಂತ ರೇಡಿಯೋ ರೂಮಿಂದ ಎಬ್ಬಿಸಿ ಕಳ್ಸಿದ್ರು. ನಮ್ಮಕ್ಕನೇ ಹೇಳಿದ್ದು. ಬೀದಿಗೆಲ್ಲ ಆಪರೇಟರು, ಆಪರೇಟರು! ಕಿವೀನೇ ಕೇಳಿಸ್ದೇ ಇರೋರು ನನಗೆ ರೇಡಿಯೋ ಪಾಠ ಹೇಳ್ತಾರೆ."

ಪೇಂಟರು ನಕ್ಕ. ಆ ನಗು ಕುಕ್ಕರಿಗೆ ಇನ್ನಷ್ಟು ಹುರುಪು ಕೊಟ್ಟಿತು. ಭಾವ ಕಂಬಳಿ ಎಣಿಸುವುದು ಹೇಗೆ, ಯಾರಾದರೂ ಏನಾದರೂ ಕೇಳಿದರೆ ಎಡಗಿವಿ ತಿರುಗಿಸಿ ಕತ್ತು ಚಾಚುವುದು ಹೇಗೆ ಅಂತ ಎದ್ದು ನಿಂತು ನಟಿಸಿ ತೋರಿಸಿದ. ನಟನೆಯ ಜೊತೆ ಮಾತೂ ಇತ್ತು. ಗೂಟಕ್ಕೆ ನೇತುಹಾಕಿದ್ದ ಶರ್ಟಿನ ಜೇಬಿನಲ್ಲಿ ಫೋನು ಗುರುಗುಟ್ಟಿ, ಗುರುಗುಟ್ಟಿ ಸುಮ್ಮನಾಯಿತು. ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಮನೆಯೊಳಗೆ ಹಾಕುವ ಚಪ್ಪಲಿ, ಕೈಯಲ್ಲಿ ಇನ್ನೂ ಪಾತ್ರೆ ಒರೆಸುವ ಬಟ್ಟೆ. ಅವಳು ಅವನನ್ನು ಪುಟ್ಟ ಅಂತಲೇ ಕರೆಯುವುದು. ಗಿರಾಕಿಗಳ ಎದುರಿಗೂ ಹಾಗೇ ಕರೆದು ಅವನಿಂದ ಬೈಸಿಕೊಳ್ಳುತ್ತಿದ್ದಳು. ಅವತ್ತು ಏನೂ ಕರೆಯಲಿಲ್ಲ.

"ಸ್ವಿಚ್ಚು ಬಿಡ್ಬೇಕಂತೆ" ಅಂದಳು.

ಏನಂದೆ ಅಂತ ಕೇಳಿದ.

"ನೀನು ಸ್ವಿಚ್ಚು ಬಿಟ್ಟಿಲ್ವಂತೆ. ಬಿಟ್ರೆ ಅವರ ಮಾತು ನಿನಗೆ ಕೇಳುತ್ತಂತೆ. ಫೋನ್ ಎತ್ತಲಿಲ್ಲ, ಹೋಗಿ ಹೇಳು ಅಂದ್ರು. ಬಂದೆ."

ಕುಕ್ಕರ್ ಸೀಟಿನ ಕಡೆ ತಿರುಗಿದ. ಹ್ಯಾಂಡ್‌ಸೆಟ್ಟು ಟ್ಯೂಬು ಸುತ್ತಿಕೊಂಡು ಹಾವಿನ ಮರಿಯ ಹಾಗೆ ಬಿದ್ದಿತ್ತು. ಅಂಗಾಲಿನಿಂದ ನೆತ್ತಿಯ ತನಕ ಬಿಸಿ ಏರಿತು. ಎಷ್ಟು ಕೇಳಿಸ್ತು ಅಂತ ಕೇಳಿದ.

"ಎಲ್ಲಾ. ಅವರ ಕಿವಿಗೆ ಅಂತ ಸೌಂಡು ಪೂರ್ತಿ ಇಟ್ಟಿದ್ರು. ಜೊತೆಗೆ ವಾಕಿಂಗ್ ಬರ್ತಾರಲ್ಲ, ಅವರನ್ನೆಲ್ಲ ಸೆಟ್ಟು ತೋರಿಸ್ತೀನಿ ಅಂತ ಕರ್ದಿದ್ರು. ನಾನು ಟೀ ಕೊಡ್ತಾ ಇದ್ದೆ." ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. "ಯಾರಿಗೂ ಹೇಳ್ಬೇಡ ಅಂದಿದ್ದೆ ನಿನಗೆ."

ಬಂದ ಹಾಗೇ ತಿರುಗಿ ಹೊರಟುಹೋದಳು. ಅವನು ಟ್ಯೂಬು ಬಿಚ್ಚಲು ಹೋದ, ಸುತ್ತು ಇನ್ನಷ್ಟು ಬಿಗಿಯಾಯಿತು. ಪೇಂಟರೇ ಬಂದು ಬಿಚ್ಚಿದ. ಸ್ಪೀಕರಿನಿಂದ ಬರೀ ಸುಯ್ ಅನ್ನುವ ಸದ್ದು.

ಅವತ್ತು ಅಭ್ಯಾಸಬಲದಿಂದ ಟೀ ತರಿಸಿದ. ಯಾರಿಗೆ ಕೊಡುವುದು? ಲೋಟ ಬೆಂಚಿನ ಮೇಲೆ ಕೆನೆ ಕಟ್ಟಿತು.

ಮನೆಯಲ್ಲಿ ಹೆಂಡತಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳು ಜಗಳ ಆಡಲಿಲ್ಲ. ತಟ್ಟೆ ಮುಂದಿಟ್ಟು, "ನಾನು ಇಷ್ಟು ವರ್ಷ ಒಬ್ಳೇ ಕೇಳ್ತಿದ್ದೆ. ಈಗ ಎಲ್ಲರಿಗೂ ಕೇಳೋ ಹಾಗೆ ಯಂತ್ರ ತಂದ್ರಿ" ಅಂದು ಒಳಗೆ ಹೋದಳು. ಬೇರೆ ದಿನವಾಗಿದ್ದರೆ ತಟ್ಟೆ ಗೋಡೆಗೆ ಬಡಿಯುತ್ತಿತ್ತು. ಅವನು ತಲೆ ಬಗ್ಗಿಸಿ ತಿಂದ. ಏನು ತಿಂದೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ವಾಕಿಂಗಿನವರು ಎದುರಿಗೆ ಹಾದುಹೋದರು. ಭಾವ ಅವರ ಜೊತೆ ಇರಲಿಲ್ಲ. ಅದರ ಮಾರನೇ ದಿನವೂ ಇರಲಿಲ್ಲ. ಅವರಲ್ಲೊಬ್ಬರು ಎಂದಿನ ಹಾಗೆ ಕೈಯೆತ್ತಲು ಹೋಗಿ, ಕನ್ನಡಕ ಸರಿಮಾಡಿಕೊಂಡವರ ಹಾಗೆ ಕೈ ಇಳಿಸಿದರು. ಕುಕ್ಕರಿಗೆ ನೆಲ ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಭಾವ ಆಪರೇಟರು ಅನ್ನುವ ಹೆಸರನ್ನು ಜೋಪಾನ ಮಾಡಿಕೊಂಡು ಬಂದದ್ದು ಈ ನಾಲ್ಕು ಜನರ ಮುಂದೆಯೇ. ಸುಳ್ಳು ಹೇಳಿದವರಲ್ಲ, ಕಂಬಳಿಯ ವಿಷಯ ಎತ್ತಲಿಲ್ಲ ಅಷ್ಟೇ. ವರ್ಷಾನುಗಟ್ಟಲೆ ಹೆಡ್‌ಫೋನು ಹಾಕಿಕೊಂಡು ಆ ಕಿವಿ ಹೋಗಿತ್ತು. ಅದನ್ನೂ ಅಕ್ಕನೇ ಹೇಳಿದ್ದಳು. ಆ ಭಾಗವನ್ನು ಅವನು ಪೇಂಟರಿಗೆ ಹೇಳಿರಲಿಲ್ಲ.

ಅವತ್ತು ಮಧ್ಯಾಹ್ನ ಸೆಟ್ಟು ಇಳಿಸಿ, ರಬ್ಬರ್ ವಾಷರು ಕಿತ್ತೆಸೆದು, ಉಪ್ಪುಕಾಗದ ತಗೊಂಡು ಪೇಂಟು ಉಜ್ಜಲು ಕೂತ. ಹಸಿರು ಪುಡಿ ಅಂಗೈಗೆ ಮೆತ್ತಿಕೊಂಡಿತು. ಹಸಿರಿನ ಅಡಿಯ ಕೆಂಪು ಪ್ರೈಮರು ಹೋಯಿತು, ಬಿಳಿ ಕಬ್ಬಿಣ ಹೊಳೆಯಿತು. ಸ್ಟ್ಯಾಂಡಿಗೆ ಬೇಕಾದ್ದು ಕಾಸಗಲ, ಅವನು ಉಜ್ಜಿದ್ದು ಅಂಗೈಯಗಲ. ಪೇಂಟರು ಸಾಕು ಮಾರಾಯ ಅನ್ನುವ ತನಕ ಉಜ್ಜುತ್ತಲೇ ಇದ್ದ. ದಪ್ಪ ತಾಮ್ರದ ಪಟ್ಟಿ ಹಾಕಿ ಬಿಗಿದಮೇಲೆ ದೀಪ ಒಂದು ಸಲವೂ ಮಿಣುಕಲಿಲ್ಲ.

ಶನಿವಾರ ಸಂಜೆ ಕಾಲೆಳೆದುಕೊಂಡು ಭಾವನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬೈಯುವುದಕ್ಕಾದರೆ ಅವನ ಹತ್ತಿರ ಲಾರಿ ತುಂಬ ಮಾತಿತ್ತು. ಇದಕ್ಕೆ ಬೇಕಾದ ಎರಡು ಪದ ಬಾಗಿಲು ದಾಟುವಾಗಲೇ ಎಲ್ಲೋ ಉದುರಿಹೋದವು. ಭಾವ ಮೇಜಿನ ಸೆಟ್ಟನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಗೋಡೆಯ ಬದಿಗೆ ಅವತ್ತಿನ ನಾಲ್ಕು ಕುರ್ಚಿ ಇನ್ನೂ ಒಂದರ ಮೇಲೊಂದು ಇದ್ದವು. ಅರ್ತ್ ಕೊಟ್ಯಾ ಅಂತ ಕೇಳಿದರು. ಕೊಟ್ಟೆ ಭಾವ ಅಂದ. ಕೆರೆದೇ ಕೊಟ್ಯಾ ಅಂದರು. ಹ್ಞೂಂ ಅಂದ. ಬೆಳಗ್ಗೆ ಗಾಡಿ ಬಾಗಿಲಿಗೆ ತರಲಾ ಅಂತ ಕೇಳಿದ.

"ನಾನು ಬರಲ್ಲ" ಅಂದರು ಭಾವ. "ಇಲ್ಲಿ ಸೆಟ್ಟಿನ ಮುಂದೆ ಯಾರಾದ್ರೂ ಇರ್ಬೇಕಲ್ಲ."

ಅದನ್ನು ನೋಡಿಕೊಳ್ಳಬೇಕಾಗಿದ್ದ ಗೆಳೆಯರು ಬರುವುದಿಲ್ಲವಾ ಅಂತ ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಭಾನುವಾರ ಮೈದಾನದಲ್ಲಿ ಎಲ್ಲ ಗಾಡಿಗಿಂತ ಹೆಚ್ಚು ಜನ ಸೇರಿದ್ದು ಅವನ ಜೀಪಿನ ಸುತ್ತ. ಅಪ್ಪಂದಿರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ಹಿಂದಿನ ಸೀಟಿನ ಮೇಲೆ, ಭಾವ ಕೂರಬೇಕಾದಲ್ಲಿ, ಅವರಿಗೆ ಅಂತ ಇಟ್ಟ ಹೆಡ್‌ಫೋನು ಇತ್ತು. ಗುಂಪಿನ ಅಂಚಿನಲ್ಲಿ ವಾಕಿಂಗಿನವರೂ ನಿಂತಿದ್ದರು. ಮೈಕು ಹಿಡಿದವನು ಬಂದು, ಆ ಕಡೆ ಮಾತಾಡೋರು ಯಾರು ಅಂತ ಕೇಳಿದ.

"ನಮ್ಮ ಭಾವ. ಸೈನ್ಯದಲ್ಲಿ ರೇಡಿಯೋ ಆಪರೇಟರು" ಅಂತ ಕುಕ್ಕರ್ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. ಸರಿಮಾಡಲು ಹೇಳಿದ್ದು. ವಾಕಿಂಗಿನವರು ನೆಲ ನೋಡಿದರು.

ಸ್ವಿಚ್ಚು ಒತ್ತಿ, ಭಾವ ಕೇಳಿಸ್ತಿದೆಯಾ ಅಂದು, ಮಾತು ಮುಗಿದ ಗುರುತಿಗೆ ಓವರ್ ಅಂತ ಸೇರಿಸಿ ಸ್ವಿಚ್ಚು ಬಿಟ್ಟ. ಪಕ್ಕದಲ್ಲೇ ಕೂತು ಹೇಳಿದಷ್ಟು ತಿಳಿಯಾಗಿ ಧ್ವನಿ ಬಂತು.

"ಚೆನ್ನಾಗಿ ಕೇಳಿಸ್ತಿದೆ. ಕಂಬಳಿ ಸ್ಟೋರಿಂದ ಮಾತಾಡ್ತಿದ್ದೀನಿ. ಓವರ್."

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಸೈನ್ಯದವರು ಸೆಟ್ಟಿಗೆ ಇಟ್ಟುಕೊಳ್ಳುವ ಗುಟ್ಟಿನ ಹೆಸರು ಅದು ಅಂತ ಮೈಕಿನವನು ತಾನೇ ಕಲ್ಪಿಸಿಕೊಂಡು ವಿವರಿಸಿದ. ಕುಕ್ಕರಿನ ಕಿವಿ ಎರಡೂ ಕೆಂಡವಾದವು. ಸ್ವಿಚ್ಚು ಒತ್ತಿದ. ಮಾತು ಬರಲಿಲ್ಲ. ಬಿಟ್ಟ.

"ಒತ್ತಿದ್ದು ಕೇಳಿಸ್ತು. ಮಾತು ಬರ್ಲಿಲ್ಲ. ಇನ್ನೊಂದ್ಸಲ ಹೇಳು. ಓವರ್."

ಅವನು ಜನರ ಕಡೆ ಬೆನ್ನು ತಿರುಗಿಸಿ, ಹ್ಯಾಂಡ್‌ಸೆಟ್ಟನ್ನು ಬಾಯಿಗೆ ಒತ್ತಿಕೊಂಡು ಕೂತ. "ಭಾವ, ನನ್ನದು ತಪ್ಪಾಯ್ತು. ಅಕ್ಕನ ಮೇಲೆ ಸಿಟ್ಟು ಮಾಡ್ಕೋಬೇಡಿ." ಓವರ್ ಅನ್ನಲು ಮರೆತು ಸ್ವಿಚ್ಚು ಬಿಟ್ಟ.

ಸುಯ್ ಅಂತ ಸದ್ದು. ಆಮೇಲೆ ಟಕ್ ಅಂದು, ಬಂದದ್ದು ಅಕ್ಕನ ಧ್ವನಿ. ಅವಳು ಆ ಸೆಟ್ಟನ್ನು ಯಾವತ್ತೂ ಮುಟ್ಟಿದವಳಲ್ಲ. ಪುಟ್ಟ, ಅವರು ಎದ್ದು ಹೋದ್ರು ಕಣೋ, ಅಂದಳು. ಅಷ್ಟೇ. ಆದರೆ ಸ್ವಿಚ್ಚು ಬಿಡಬೇಕು ಅನ್ನುವುದು ಅವಳಿಗೂ ಮರೆತಿತ್ತು. ಕುರ್ಚಿ ಸರಿದ ಸದ್ದು, ನಲ್ಲಿಯಲ್ಲಿ ನೀರು ಬಿದ್ದ ಸದ್ದು ಮೈದಾನದ ತನಕ ಬಂದವು. ಬಂದು ಒಂದು ಮಾತು ಹೇಳಿ ಅಂದ್ರೆ, ಅಂತ ಅಕ್ಕ ಒಳಗೆ ತಿರುಗಿ ಕರೆದಳು. ದೂರದಿಂದ ಭಾವನ ಉತ್ತರ ಕೇಳಿಸಿತು.

"ಇವತ್ತು ಬೇಡ."

ಕುಕ್ಕರ್ ಕೈಚಾಚಿ ಸ್ಪೀಕರಿನ ಪಿನ್ನು ಕಿತ್ತ. ಜನ ಅಯ್ಯೋ ಅಂದರು. ಏನಾಯಿತು ಅಂತ ಮೈಕಿನವನು ಕೇಳಿದ್ದಕ್ಕೆ, ಸೆಟ್ಟು ಬಿಸಿಯಾಗಿದೆ ಅಂದ. ಒಬ್ಬೊಬ್ಬರೇ ಪಕ್ಕದ ಗಾಡಿಯ ಕಡೆ ಸರಿದರು.

ಸೀಟಿನ ಮೇಲಿದ್ದ ಹೆಡ್‌ಫೋನಿನಿಂದ ಇನ್ನೂ ಸಣ್ಣಗೆ ಮಾತು ಬರುತ್ತಲೇ ಇತ್ತು, ಅಕ್ಕನದೋ ಭಾವನದೋ. ಎತ್ತಿ ಕಿವಿಗಿಟ್ಟರೆ ಎಲ್ಲ ಕೇಳಿಸುತ್ತಿತ್ತು. ಅವನು ಎತ್ತಲಿಲ್ಲ. ಅವರ ಮನೆಯ ಮಾತು ತಾನಾಗೇ ನಿಲ್ಲುವ ತನಕ ಕೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ.