ವೆಲ್ಡಾಳ ಕೇಪಿನ ಕೋವಿ

ಹರ್ಷೆಲ್‌ನನ್ನು ಮಣ್ಣು ಮಾಡಿ ವಾರ ಕಳೆದಿರಲಿಲ್ಲ, ಅವನ ತಮ್ಮ ಕ್ಲೆಟಸ್ ಬಂದು ಗೋಡೆಯ ಮೇಲಿದ್ದ ಕೋವಿ ಇಳಿಸಿಕೊಂಡ. ಅದು ಇದ್ದ ಜಾಗದಲ್ಲಿ ಎರಡು ಮೊಳೆ ಉಳಿದವು.

“ಅಪ್ಪ ಕೈಯಾರೆ ಮಾಡಿದ ಕೋವಿ ಅತ್ತಿಗೆ. ನಮ್ಮ ರಕ್ತದಲ್ಲೇ ಇರ್ಬೇಕು,” ಅಂದ.

ಹರ್ಷೆಲ್‌ನ ಹೆಂಡತಿ ವೆಲ್ಡಾ ಬಟಾಣಿ ಸುಲಿಯುತ್ತಿದ್ದಳು, ಸುಲಿಯುತ್ತಲೇ ಇದ್ದಳು. ಟೆನ್ನೆಸ್ಸಿಯ ಆ ಗುಡ್ಡಗಳಲ್ಲಿ ಕೋವಿ ಅಪ್ಪನಿಂದ ಮಗನಿಗೆ, ಮಗನಿಲ್ಲದಿದ್ದರೆ ತಮ್ಮನಿಗೆ. ಹೆಂಡತಿಯನ್ನು ಯಾರೂ ಕೇಳುವುದಿಲ್ಲ. ಆದರೆ ಮದುವೆಯಾದಾಗಿನಿಂದ ಆ ಕೋವಿ ತೊಳೆದವಳು ಅವಳು. ಹರ್ಷೆಲ್ ಹೊಡೆಯುತ್ತಿದ್ದ, ಅವಳು ತೊಳೆಯುತ್ತಿದ್ದಳು. ಕರಿಮದ್ದು ಸುಟ್ಟ ನಳಿಗೆಯನ್ನು ಅವತ್ತೇ ತೊಳೆಯಬೇಕು, ಬೆಳಗಿನವರೆಗೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬಿಸಿನೀರು, ಪಾತ್ರೆ ಸಾಬೂನು, ಒಣ ಬಟ್ಟೆ, ಕೊನೆಗೆ ಎಣ್ಣೆ. ಶಾಲೆಯ ಅಡುಗೆಮನೆಯಲ್ಲಿ ದಿನವೆಲ್ಲ ಪಾತ್ರೆ ತಿಕ್ಕಿ ಬಂದವಳಿಗೆ ಅದೂ ಇನ್ನೊಂದು ಪಾತ್ರೆ.

ಕ್ಲೆಟಸ್ ಗುಂಡು ಎರೆಯುವ ಅಚ್ಚನ್ನೂ ಒಯ್ದ, ಮದ್ದು ತುಂಬಿಡುವ ಕೊಂಬನ್ನೂ ಒಯ್ದ. ಕಿಟಕಿಯ ಪಕ್ಕ ದಾರದಲ್ಲಿ ತೂಗುತ್ತಿದ್ದ ಮದ್ದಿನ ಅಳತೆ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಜಿಂಕೆ ಕೊಂಬಿನ ತುದಿಯನ್ನು ಕೊರೆದು ಮಾಡಿದ್ದು, ಹೆಬ್ಬೆರಳಿನಷ್ಟು. ಒಂದು ಸಲ ಹೊಡೆಯಲು ಬೇಕಾದಷ್ಟು ಮದ್ದು ಹಿಡಿಯುತ್ತದೆ. ಅದರ ಮೇಲೆ ಹಲ್ಲಿನ ಗುರುತು.

ಅದು ಹರ್ಷೆಲ್‌ನ ಅಭ್ಯಾಸ. ಮದ್ದನ್ನು ನಳಿಗೆಗೆ ಸುರಿದ ಕೂಡಲೇ ಖಾಲಿ ಅಳತೆಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ. ಮೇಲಿಂದ ಬಟ್ಟೆ, ಗುಂಡು ಇಟ್ಟು, ಕೋಲಿನಿಂದ ತಳದವರೆಗೆ ತಳ್ಳಿ ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಅಳತೆ ಬಾಯಲ್ಲಿದ್ದರೆ ಮದ್ದು ಒಳಗಿದೆ ಅಂತ. ಅಷ್ಟು ಹೊತ್ತು ಯಾರು ಮಾತಾಡಿಸಿದರೂ ಉತ್ತರವಿಲ್ಲ.

“ಊಟ ಆರಿ ಹೋಗ್ತಿದೆ, ಕಿವಿ ಕೇಳಲ್ವಾ? ಮೂಳೆ ಕಚ್ಚಿದ ನಾಯಿ ಥರ ನಿಂತಿದ್ದೀಯಲ್ಲ!” ಅಂತ ಇವಳು ಹಿತ್ತಲ ಬಾಗಿಲಿನಿಂದ ಕೂಗುತ್ತಿದ್ದಳು. ಅವನು ಕಣ್ಣಲ್ಲೇ ನಗುತ್ತಿದ್ದ.

ವಸಂತ ಬಂದಾಗ ವೆಲ್ಡಾ ಹರ್ಷೆಲ್‌ನ ದೋಣಿ ಮಾರಿ ಒಂದು ಕೋವಿ ತರಿಸಿದಳು. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯುವ, ಹಳೇ ಕಾಲದ ಕೋವಿಯ ನಕಲು, ಇಟಲಿಯಲ್ಲಿ ಮಾಡಿದ್ದು. ಅಂಚೆಯವನು ಬೂಟಿನ ಪೆಟ್ಟಿಗೆ ಕೊಟ್ಟಂತೆ ಕೊಟ್ಟು ಹೋದ. ಮರಕ್ಕೆ ಬಳಿದ ಬಣ್ಣ ಕೇಕಿನ ಮೇಲಿನ ಕೆನೆಯ ಹಾಗೆ ದಪ್ಪ. ಒಳಗೆಲ್ಲ ಜಿಡ್ಡು. ಬಿಸಿನೀರು ಕಾಯಿಸಿ ಮೊದಲು ಜಿಡ್ಡು ತೆಗೆದಳು. ಗುಂಡಿಗೆ ಸುತ್ತುವ ಬಟ್ಟೆಗೆ ಹರ್ಷೆಲ್‌ನ ದಿಂಬಿನ ಗಟ್ಟಿ ಪಟ್ಟೆಬಟ್ಟೆಯನ್ನೇ ಕತ್ತರಿಸಿದಳು. ಆ ದಿಂಬು ಇನ್ನು ಯಾರಿಗೆ ಬೇಕು?

ಆ ವರ್ಷ ನವೆಂಬರ್ ತಿಂಗಳಲ್ಲಿ ಗುರಿ ಹೊಡೆಯುವ ಹೋರಿ ಪಂದ್ಯಕ್ಕೆ ಹೋದಳು. ಅಲ್ಲಿ ಗೆದ್ದವರಿಗೆ ದನದ ಮಾಂಸವೇ ಬಹುಮಾನ. ಮೊದಲು ಬಂದವರಿಗೆ ಹಿಂದಿನ ತೊಡೆ, ಆಮೇಲಿನವರಿಗೆ ಉಳಿದ ಪಾಲು, ಕೊನೆಯವರಿಗೆ ಚರ್ಮ ಮತ್ತು ಕೊಬ್ಬು. ಹೋರಿ ಬೇಲಿಗೆ ಕಟ್ಟಿಸಿಕೊಂಡು ಎಲ್ಲವನ್ನೂ ನೋಡುತ್ತಾ ನಿಂತಿರುತ್ತದೆ. ನೆಲಕ್ಕೆ ಕೌದಿ ಹಾಸಿ, ಬೋರಲು ಮಲಗಿ, ಮರದ ದಿಮ್ಮಿಯ ಮೇಲೆ ಕೋವಿ ಒರಗಿಸಿ ಹೊಡೆಯಬೇಕು.

ಮದ್ದು ತುಂಬುವಾಗ ಕ್ಲೆಟಸ್ ಪಕ್ಕಕ್ಕೆ ಬಂದ. “ಅಂಚೆಯಲ್ಲಿ ಬಂದ ಕೋವಿ! ಜೊತೆಗೆ ಗುರಿನೂ ಪೊಟ್ಟಣ ಕಟ್ಟಿ ಕಳಿಸಿದ್ದಾರಾ ಅತ್ತಿಗೆ?”

“ನಿನ್ನ ನಾಲಿಗೆಗೆ ಬೀಗಾನೂ ಕಳಿಸಿದ್ದಾರೆ, ಬೇಕಾ?” ಅಂದಳು ವೆಲ್ಡಾ. ಎಲ್ಲರೂ ನಕ್ಕರು. ಅವಳಿಗೂ ಖುಷಿಯಾಯಿತು. ಗುಂಡು ತಳ್ಳಿದಳು, ಮಲಗಿದಳು, ಕೇಪು ಇಟ್ಟು ಹೊಡೆದಳು.

ಟಪ್ ಅಂತ ಕೇಪು ಸಿಡಿಯಿತು, ಅಷ್ಟೇ. ಮಾತಿನ ಭರದಲ್ಲಿ ಮದ್ದೇ ಹಾಕಿರಲಿಲ್ಲ.

ಮದ್ದಿಲ್ಲದೆ ಗುಂಡು ತುಂಬಿದವರು ತಾವೇ ಎದ್ದು ಹೋಗಿ ಕಂಬಕ್ಕೆ ಕಟ್ಟಿದ ಹಸುವಿನ ಗಂಟೆ ಬಾರಿಸಬೇಕು, ಅದು ಅಲ್ಲಿನ ಪದ್ಧತಿ. ವೆಲ್ಡಾ ಬಾರಿಸಿದಳು. ಜೋರಾಗಿಯೇ ಬಾರಿಸಿದಳು. ಹೋರಿ ಕೂಡ ತಲೆ ಎತ್ತಿ ನೋಡಿತು.

“ಹೋಗ್ಲಿ ಬಿಡು ಅತ್ತಿಗೆ. ಮುಂದಿನ ವರ್ಷ ಮನೇಲೇ ಕೂತು ಕಡುಬು ಮಾಡು,” ಅಂದ ಕ್ಲೆಟಸ್.

“ಬರ್ತೀನಿ. ನಿನಗಿಂತ ಚೆನ್ನಾಗಿ ಹೊಡೆದ್ರೆ ಹರ್ಷೆಲ್ ಕೋವಿ ವಾಪಸ್ ಕೊಡ್ತೀಯಾ?”

ಸುತ್ತಲಿನವರೆಲ್ಲ ಕ್ಲೆಟಸ್‌ನತ್ತ ತಿರುಗಿದರು. ಅಷ್ಟು ಜನರ ಮುಂದೆ ಇಲ್ಲ ಅನ್ನುವುದು ಹೇಗೆ?

“ಕೊಡ್ತೀನಿ. ಸೋತ್ರೆ?”

“ಸೋತ್ರೆ ಸಾಯೋವರೆಗೂ ಆ ಮಾತು ಎತ್ತಲ್ಲ.”

ಮನೆಗೆ ಬಂದು ಕೋವಿ ತೊಳೆದಳು. ಆಮೇಲೆ ಪಂದ್ಯಕ್ಕೆಂದು ಕತ್ತಿಗೆ ಹಾಕಿಕೊಂಡಿದ್ದ ಹರ್ಷೆಲ್‌ನ ಅಳತೆಯನ್ನು ತೆಗೆದು ಕಚ್ಚಿ ನೋಡಿದಳು. ಅವಳ ಹಲ್ಲು ಅವನ ಹಲ್ಲಿನ ಗುಳಿಗಳಲ್ಲೇ ಹೋಗಿ ಕೂತಿತು. ಒಲೆಯ ಮೇಲಿನ ಕೆಟಲ್ ನೀರು ಆರುವವರೆಗೂ ಹಾಗೇ ಕೂತಿದ್ದಳು.

ಮರುದಿನದಿಂದ ಹಿತ್ತಲ ದಿಬ್ಬಕ್ಕೆ ಹೊಡೆಯತೊಡಗಿದಳು. ಮದ್ದು ಹೆಚ್ಚಾದರೆ ಗುಂಡು ಚದುರುತ್ತಿತ್ತು, ಕಡಿಮೆಯಾದರೆ ಕೆಳಗೆ ಬೀಳುತ್ತಿತ್ತು. ಹರ್ಷೆಲ್‌ನ ಅಳತೆಗೆ ತುಸು ಕಡಿಮೆ ತುಂಬಿದರೆ ಇಟಲಿಯ ಕೋವಿಗೆ ಸರಿ ಹೋಗುತ್ತದೆ ಅಂತ ಕಂಡುಕೊಂಡಳು. ಒಂದು ಗುಂಡು ಹೊಡೆದ ಮೇಲೆ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿಯೇ ಇನ್ನೊಂದು. ಕೋವಿ ಎಡಕ್ಕೆ ಎಸೆಯುತ್ತಿತ್ತು, ಅದೇನೂ ತೊಂದರೆಯಲ್ಲ. ಪಂದ್ಯಕ್ಕೆ ಎಲ್ಲರೂ ತಮ್ಮ ತಮ್ಮ ಹಲಗೆ ತರುತ್ತಾರೆ. ಬೆಂಕಿಗೆ ಹಿಡಿದು ಕರಿ ಮಾಡಿ, ಚಾಕುವಿನಿಂದ ಅಡ್ಡಡ್ಡ ಎರಡು ಗೀಟು ಎಳೆದ ಹಲಗೆ. ಗೀಟು ಕೂಡುವಲ್ಲಿ ಗುಂಡು ಬೀಳಬೇಕು. ಕೋವಿ ಎಡಕ್ಕೆ ಎಸೆದರೆ ಬಲಕ್ಕೆ ಒಂದು ಬಿಳಿ ಚೀಟಿ ಚುಚ್ಚಿ, ಆ ಚೀಟಿಗೆ ಗುರಿ ಹಿಡಿದರಾಯಿತು.

ಮತ್ತೆ ನವೆಂಬರ್ ಬಂತು. ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಕ್ಲೆಟಸ್ ಪಕ್ಕದ ದಿಮ್ಮಿಯ ಹತ್ತಿರವೇ ಕೌದಿ ಹಾಸಿದ. ಅವನ ಕೈಯಲ್ಲಿ ಹರ್ಷೆಲ್‌ನ ಕೋವಿ. ವೆಲ್ಡಾ ಅದನ್ನು ಒಂದು ಸಲ ನೋಡಿದಳು, ಆಮೇಲೆ ನೋಡಲಿಲ್ಲ.

ಅವಳು ಮದ್ದು ಸುರಿದು ಅಳತೆ ಕಚ್ಚಿದ್ದೇ ತಡ, ಅವನು ಶುರು ಮಾಡಿದ. “ಮಧ್ಯಾಹ್ನಕ್ಕೆ ಏನು ತಂದಿದ್ದೀಯ ಅತ್ತಿಗೆ?”

ಅವಳು ನಳಿಗೆಯ ಬಾಯಿಗೆ ಬಟ್ಟೆ, ಗುಂಡು ಇಟ್ಟಳು.

“ನಿನ್ನನ್ನೇ ಕೇಳ್ತಿರೋದು! ಏನು ತಂದಿದ್ದೀಯ ತಿನ್ನೋಕೆ?”

ವೆಲ್ಡಾ ಗುಂಡು ತಳ್ಳಿದಳು, ಮಲಗಿದಳು, ಹೊಡೆದಳು. ಹೊಗೆ ಸರಿದಾಗ ಹಲಗೆಯ ನಡುವಿನ ಹತ್ತಿರ ತೂತು ಕಾಣಿಸಿತು.

“ಓಹೋ, ಅಣ್ಣನ ಥರ ಕಚ್ಚಿಕೊಂಡಿದ್ದಾಳೆ ನೋಡ್ರೋ! ಹಲ್ಲು ಸೆಟ್ಟು ಕಳಚಿ ಬಿದ್ದೀತು ಅತ್ತಿಗೆ!”

ಗಂಡಸರು ನಕ್ಕರು. ಅವಳು ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿದಳು, ಮದ್ದು ಸುರಿದಳು, ಕಚ್ಚಿದಳು. ಅವನು ಹವಾಮಾನ ಕೇಳಿದ, ಇಟಲಿಯ ವಿಷಯ ಕೇಳಿದ, ಹಿಂದಿನ ವರ್ಷದ ಗಂಟೆಯನ್ನು ನೆನಪಿಸಿದ. ಅವಳಿಗೆ ಒಳ್ಳೊಳ್ಳೆ ಉತ್ತರಗಳು ಹೊಳೆದವು. ಎಲ್ಲವನ್ನೂ ಕೊಂಬಿನ ಮೇಲೇ ಕಚ್ಚಿ ಹಿಡಿದಳು.

ಕ್ಲೆಟಸ್ ಒಳ್ಳೆಯ ಗುರಿಗಾರ, ಅದರಲ್ಲಿ ಸುಳ್ಳಿಲ್ಲ. ಕೊನೆಯ ಗುಂಡಿನ ತನಕ ಅವನ ಹಲಗೆ ಅವಳದಕ್ಕಿಂತ ಚೆನ್ನಾಗಿತ್ತು. ವೆಲ್ಡಾ ತನ್ನ ಕೊನೆಯದನ್ನು ಹೊಡೆದು ಎದ್ದು ಕೂತಳು. ಗುಂಡು ಗೀಟು ಕೂಡುವ ಜಾಗವನ್ನೇ ಕಿತ್ತು ಹಾಕಿತ್ತು. ಜನ ಹೋ ಅಂದರು. ಕ್ಲೆಟಸ್ ಅವರತ್ತ ತಿರುಗಿ, ಕೋಲಿನಿಂದ ಗುಂಡು ತಳ್ಳುತ್ತಲೇ ಹೇಳಿದ, “ಕುರುಡು ಕೋಳಿಗೂ ಒಂದೊಂದ್ಸಲ ಕಾಳು ಸಿಗುತ್ತಪ್ಪಾ! ಈಗ ನೋಡಿ, ಹೆಂಗೆ ಹೊಡೀಬೇಕು ಅಂತ.”

ಮಲಗಿದ. ಕೇಪು ಇಟ್ಟ. ಟಪ್.

ಎಲ್ಲರ ಕಣ್ಣೂ ಗಂಟೆಯ ಕಂಬದತ್ತ ಹೋಯಿತು. ಆಮೇಲೆ ಹಲಗೆಗಳನ್ನು ದಾರ ಹಿಡಿದು ಅಳೆಯುವ ಮುದುಕ ಒಡೆಲ್ ಹೇಳಿದ, “ಗಂಟೆ ಅಲ್ಲೇ ಇದೆ ಮಗಾ.”

ಕ್ಲೆಟಸ್ ಹೋಗಿ ಬಾರಿಸಿದ. ಒಂದೇ ಸಲ, ಸಣ್ಣಗೆ.

“ಹೋರಿಗೆ ಕೇಳಿಸ್ಲಿಲ್ಲವಂತೆ!” ಅಂತ ಹಿಂದಿನಿಂದ ಯಾರೋ ಕೂಗಿದರು. ಅವನು ಕೋಲಿನ ತುದಿಗೆ ತಿರುಪು ಹಾಕಿ ಗುಂಡು ಹೊರಗೆಳೆದ. ನಳಿಗೆ ಒರೆಸದೆಯೇ ಮತ್ತೆ ತುಂಬಿ ಹೊಡೆದ. ಗುಂಡು ನಾಲ್ಕು ಬೆರಳು ಮೇಲಕ್ಕೆ ಹೋಯಿತು.

ಒಡೆಲ್ ಮಂಡಿಯೂರಿ ಕೂತು ಎಲ್ಲರ ಹಲಗೆ ಅಳೆದ, ಆಮೇಲೆ ಇವರಿಬ್ಬರದನ್ನು. ಗೀಟು ಕೂಡುವಲ್ಲಿಂದ ಒಂದೊಂದು ತೂತಿಗೂ ಇರುವ ದೂರವನ್ನು ಒಂದೇ ದಾರದಲ್ಲಿ ಕೂಡಿಸುತ್ತಾ ಹೋದ. ಕೊನೆಗೆ ಎರಡು ದಾರಗಳನ್ನೂ ಒಂದೇ ಕೈಯಲ್ಲಿ ಎತ್ತಿ ತೂಗಿಸಿದ. ಎಲ್ಲರದಕ್ಕಿಂತ ಚಿಕ್ಕದು ವೆಲ್ಡಾಳದು.

“ಹಿಂದಿನ ತೊಡೆ ನಿನ್ನದಮ್ಮಾ. ಎಡದ್ದು ಬೇಕೋ ಬಲದ್ದೋ?” ಕೇಳಿದ ಮುದುಕ.

ಅವಳು ಮುದುಕನಿಗೆ ಕೈಯಲ್ಲೇ ತಾಳು ಅಂದಳು. ಕ್ಲೆಟಸ್‌ನ ಮುಂದೆ ಹೋಗಿ ಎರಡೂ ಕೈ ಚಾಚಿದಳು. ಅವನು ಕೋವಿ ಕೊಟ್ಟ. ಅವಳು ಕಿರುಬೆರಳನ್ನು ನಳಿಗೆಯ ಬಾಯಿಗೆ ಹಾಕಿ ತೆಗೆದಳು. ಬೆರಳಿನಲ್ಲಿ ಮಸಿಯ ಜೊತೆ ತುಕ್ಕಿನ ಕೆಂಪು. ಅದನ್ನು ಅವನ ಮೂಗಿನ ಮುಂದೆ ಹಿಡಿದಳು.

“ಹೊಡೆದ ದಿನವೇ ತೊಳೀಬೇಕು ಅಂತ ನಿಮ್ಮಪ್ಪ ಹೇಳಿರ್ಲಿಲ್ವಾ?”

ಕ್ಲೆಟಸ್ ತನ್ನ ಬೂಟು ನೋಡಿಕೊಂಡ.

“ಬೀನ್ಸ್ ಕಾಳು, ಜೋಳದ ರೊಟ್ಟಿ, ಉಪ್ಪಿನ ಹಂದಿಮಾಂಸ,” ಅಂದಳು ವೆಲ್ಡಾ.

“ಏನು?”

“ಬೆಳಿಗ್ಗೆ ಕೇಳಿದ್ಯಲ್ಲ, ತಿನ್ನೋಕೆ ಏನು ತಂದಿದ್ದೀಯ ಅಂತ. ಬಾ, ಆರಿ ಹೋಗುತ್ತೆ.”

ಅವನು ಬಂದ. ಅವಳ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ತಲೆ ತಗ್ಗಿಸಿ ತಿಂದ. ಇನ್ನೊಂದು ಸಲ ಹಾಕಿಸಿಕೊಂಡ ಕೂಡ.

ಸಂಜೆ ಮನೆಯಲ್ಲಿ ಅವಳು ದೊಡ್ಡ ಪಾತ್ರೆ ತುಂಬ ನೀರು ಕಾಯಿಸಿದಳು. ಹರ್ಷೆಲ್‌ನ ಕೋವಿಯಿಂದ ನೀರು ಮೊದಲು ಕಪ್ಪಾಗಿ ಇಳಿಯಿತು, ಆಮೇಲೆ ಕೆಂಪಾಗಿ, ಬಹಳ ಹೊತ್ತು ತಿಕ್ಕಿದ ಮೇಲೆ ತಿಳಿಯಾಗಿ. ಒರೆಸಿ, ಎಣ್ಣೆ ಹಚ್ಚಿ, ಎರಡು ಮೊಳೆಗಳ ಮೇಲೆ ಇಟ್ಟಳು.

ತನ್ನ ಇಟಲಿಯ ಕೋವಿಯನ್ನೂ ತೊಳೆದು ಹಿತ್ತಲ ಬಾಗಿಲ ಮೂಲೆಗೆ ಒರಗಿಸಿದಳು. ಬೆಳಿಗ್ಗೆ ದಿಬ್ಬಕ್ಕೆ ಹೊಡೆಯಲು ಕೈಗೆ ಬೇಕಾಗುವುದು ಅದು.